ಹಲಗೆಯ ಖಾಲಿ ಮೂಲೆ: ದೊಡ್ಡವರಿಗೆ ಮಾತು ಹುಡುಕಿದ ವರ್ಷಗಳು

ವಾಕ್ ಚಿಕಿತ್ಸೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕೇಳುವುದು ಹೆಚ್ಚಾಗಿ ಸಾಮಾನುಗಳ ಬಗ್ಗೆ. ದೊಡ್ಡ ವಯಸ್ಸಿನವರಿಗೆ ಯಾವ ಚಿತ್ರದ ಕಾರ್ಡು ಕೊಳ್ಳಬೇಕು, ಫೋನಿನಲ್ಲಿ ಯಾವ ಆ್ಯಪ್ ಹಾಕಿಕೊಳ್ಳಬೇಕು, ಕನ್ನಡದಲ್ಲಿ ಏನಾದರೂ ಸಿಗುತ್ತದೆಯೇ, ಹೀಗೆ. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಈ ಕೆಲಸ ಮಾಡಿ ನಿವೃತ್ತಳಾದವಳು ನಾನು. ಪಾರ್ಶ್ವವಾಯು ಹೊಡೆದು ಮಾತು ನಿಂತವರು, ಹುಟ್ಟಿನಿಂದಲೇ ಕೈಕಾಲು ನಾಲಿಗೆ ಹತೋಟಿಗೆ ಸಿಗದೆ ಬೆಳೆದವರು, ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದವರು, ಇವರೇ ನನ್ನ ಜನ. ಮಾತು ತಿರುಗಿ ಬರುವಂತಿದ್ದರೆ ಬರಿಸುವುದು, ಬಾರದಿದ್ದರೆ ಅದರ ಬದಲು ಇನ್ನೊಂದು ದಾರಿ ಹುಡುಕಿಕೊಡುವುದು, ನುಂಗಲು ಕಷ್ಟವಾದವರಿಗೆ ಉಣ್ಣುವ ಬಗೆ ತೋರಿಸುವುದು. ನಮ್ಮ ಗೇಟಿನ ವಾಚ್‌ಮನ್ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದದ್ದು "ಆ ಮಾತಿನ ಮೇಡಂ" ಎಂದು. ಅದಕ್ಕೆ ಎರಡು ಅರ್ಥ ಇತ್ತು ಎಂಬುದು ನನಗೆ ತಡವಾಗಿ ಹೊಳೆಯಿತು.

ಸಾಮಾನಿನ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ನನ್ನಲ್ಲಿಲ್ಲ. ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಎಂದು ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲೆ.

ನನ್ನ ಕೋಣೆಯ ಬೀರುವಿನಲ್ಲಿ ಆಗ ಇದ್ದದ್ದೆಲ್ಲ ಮಕ್ಕಳ ಸಾಮಾನು. ಬಣ್ಣದ ಕಾರ್ಡುಗಳು, ಕೊಡೆ, ಬಾತುಕೋಳಿ, ಕೆಂಪು ಸೇಬು, ಹಿಮದ ಮನೆ. ದೇಶನೂರಿನ ದೊಡ್ಡಬಸಪ್ಪ ಬಂದ ದಿನ ನಾನು ಅವನ್ನೇ ಹರಡಿಕೊಂಡು ಕುಳಿತೆ. ದೊಡ್ಡಬಸಪ್ಪ ಭತ್ತ ಬೆಳೆಯುವ ಗಟ್ಟಿ ಆಳು. ಅರವತ್ತು ದಾಟಿದ್ದರೂ ತೋಳು ಇನ್ನೂ ಬಿಗಿಯಾಗಿತ್ತು. ಪಾರ್ಶ್ವವಾಯುವಿನಿಂದ ಬಲಗೈ ಸೋತಿತ್ತು, ಮಾತು ಪೂರ್ತಿ ನಿಂತಿತ್ತು. ಬಾತುಕೋಳಿಯ ಕಾರ್ಡು ಎತ್ತಿ ಹಿಡಿದು, "ಇದು ಏನ್ರಿ?" ಎಂದೆ. ಅವರು ಒಮ್ಮೆ ಕಾರ್ಡನ್ನು, ಒಮ್ಮೆ ನನ್ನನ್ನು ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಪಕ್ಕದಲ್ಲಿದ್ದ ಅವರ ಹೆಂಡತಿ ಪಾರ್ವತಮ್ಮ ಮೆಲ್ಲಗೆ ಅಂದರು, "ಸಿಟ್ಟಾಗಬ್ಯಾಡ್ರಿ ಮೇಡಂ. ಊರಾಗ ಪಂಚಾಯ್ತಿ ಹೇಳೋ ಮನಿಷ್ಯಾರು ಅವ್ರು. ಬಾತುಕೋಳಿ ತೋರಿಸಿದ್ರ ಏನಂತಾರ?"

ಕಾರ್ಡುಗಳನ್ನು ಒಳಗಿಟ್ಟೆ. ಆಮೇಲೆ ಕೆಲವು ದಿನ ನೀರು, ಅನ್ನ, ಕೈ, ಕಣ್ಣು ಎಂದು ಕನ್ನಡದ ಸಣ್ಣ ಸಣ್ಣ ಶಬ್ದಗಳನ್ನು ಹಿಡಿದು ಜಗ್ಗಿದೆ. ಒಂದೂ ಬರಲಿಲ್ಲ. ಕೇಸ್ ಪೇಪರಿನಲ್ಲಿ ಮನೆಮಾತು ಕನ್ನಡ ಎಂದು ಬರೆದಿತ್ತು, ನಾನು ಅದನ್ನೇ ನಂಬಿಕೊಂಡು ಕುಳಿತಿದ್ದೆ.

ಒಂದು ಬೆಳಿಗ್ಗೆ ನಮ್ಮ ವಾರ್ಡಿನ ಆಯಾ ಲಕ್ಷ್ಮಮ್ಮ ನೆಲ ಒರೆಸುತ್ತ ಒಳಗೆ ಬಂದಳು. ಅವಳಿಗೆ ಎಲ್ಲರನ್ನೂ ತೆಲುಗಿನಲ್ಲೇ ಮಾತಾಡಿಸುವ ರೂಢಿ. ಬಾಗಿದವಳು ತಲೆ ಎತ್ತದೆಯೇ, "ಏಂ ಪೆದ್ದಾಯನಾ, ಎಲಾ ಉನ್ನಾವು?" ಎಂದಳು.

"ಬಾಗುನ್ನಾ," ಎಂದರು ದೊಡ್ಡಬಸಪ್ಪ.

ಹೇಗಿದ್ದೀ ಎಂದದ್ದಕ್ಕೆ ಚೆನ್ನಾಗಿದ್ದೇನೆ ಎಂದು, ಸ್ಪಷ್ಟವಾಗಿ, ಗಂಟಲು ತುಂಬಿ. ಲಕ್ಷ್ಮಮ್ಮನಿಗೆ ಅದೇನು ವಿಶೇಷ ಎನಿಸದೆ ಒರೆಸುತ್ತ ಮುಂದೆ ಹೋದಳು. ಪಾರ್ವತಮ್ಮನಿಗೆ ನಗು, ಅಳು ಒಟ್ಟಿಗೆ ಬಂದವು. "ಇಷ್ಟ್ ದಿನ ಬಾಯಿ ಬಾಯಿ ಬಡ್ಕೊಂಡೆ, ನನ್ ಜೋಡಿ ಒಂದ್ ಮಾತಿಲ್ಲ. ಅಕಿ ಜೋಡಿ ಬಾಗುನ್ನಾ ಅಂತೀರೇನ್ರಿ?"

ವಿಚಾರಿಸಿದಾಗ ತಿಳಿಯಿತು. ದೊಡ್ಡಬಸಪ್ಪನ ತಾಯಿಯ ತವರು ಆದೋನಿಯ ಕಡೆ. ಹುಡುಗನಾಗಿದ್ದಾಗ ಅಜ್ಜಿಯ ಮನೆಯಲ್ಲೇ ಬೆಳೆದವರು. ನಾಲಿಗೆ ಮೊದಲು ತಿರುಗಿದ್ದು ತೆಲುಗಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಸಂತೆಗೆ ಒಂದು ಭಾಷೆ, ಮನೆಗೆ ಒಂದು ಭಾಷೆ, ಸಿಟ್ಟಿಗೆ ಇನ್ನೊಂದು ಭಾಷೆ ಇಟ್ಟುಕೊಂಡವರು ಎಷ್ಟು ಜನವಿಲ್ಲ? ಅಂದಿನಿಂದ ಹೊಸ ರೋಗಿ ಬಂದರೆ ಮನೆಮಾತು ಯಾವುದು ಎಂದು ಕೇಳುವುದನ್ನು ಬಿಟ್ಟೆ. ಚಿಕ್ಕಂದಿನಲ್ಲಿ ಯಾರ ತೊಡೆಯ ಮೇಲೆ ಬೆಳೆದಿರಿ, ಅವರು ನಿಮ್ಮನ್ನು ಏನಂತ ಕರೆಯುತ್ತಿದ್ದರು ಎಂದು ಕೇಳತೊಡಗಿದೆ.

ದಾರಿ ಸಿಕ್ಕ ಮೇಲೆ ದೊಡ್ಡಬಸಪ್ಪನಿಗೆ ಇನ್ನೊಂದು ಶಬ್ದ ಬಂತು, "ನೀಳ್ಳು." ತೆಲುಗಿನ ನೀರು. ಅದನ್ನೇ ದಿನವಿಡೀ ಹೇಳುತ್ತಿದ್ದರು. ಪಾರ್ವತಮ್ಮ ಲೋಟದ ಮೇಲೆ ಲೋಟ ನೀರು ಹಿಡಿದರೆ ಅವರು ತಳ್ಳಿ, ಮತ್ತೆ "ನೀಳ್ಳು, ನೀಳ್ಳು" ಎಂದು ಮಂಚವನ್ನು ಗುದ್ದುತ್ತಿದ್ದರು. ಶಬ್ದ ಬಂದಿದೆ, ಅರ್ಥ ತಪ್ಪಿದೆ ಎಂದು ನಾನು ತಿಳಿದೆ. ಇಂಥ ರೋಗಿಗಳಲ್ಲಿ ಹಾಗೂ ಆಗುವುದುಂಟು.

ಡಿಸ್ಚಾರ್ಜ್ ಆಗಿ ಹೋಗುವಾಗ ಮನೆಯವರಿಗೆಲ್ಲ ಹೇಳಿ ಕಳಿಸಿದ್ದೆ, ಅವರನ್ನು ಒಬ್ಬರನ್ನೇ ಬಿಡಬೇಡಿ, ಎಲ್ಲರೂ ಕುಳಿತು ಮಾತಾಡಿಸಿ ಎಂದು. ಆಮೇಲೆ ಮನಸ್ಸು ತಡೆಯದೆ ಅವರ ಊರಿಗೇ ಹೋಗಿ ನೋಡಬೇಕು ಎನಿಸಿತು. ನಮ್ಮ ವಿಭಾಗದ ಹಿರಿಯ ಡಾಕ್ಟರು ಒಪ್ಪಲಿಲ್ಲ. "ಆಸ್ಪತ್ರಿಗೆ ಅವ್ರು ಬರಬೇಕಮ್ಮಾ, ಅವ್ರ ಮನಿಗೆ ನಾವು ಹೋಗೋದಲ್ಲ. ಹಿಂಗ ಬಸ್ ಹತ್ತಿದ್ರ ಇಲ್ಲಿ ಬಂದವ್ರನ್ನ ಯಾರ್ ನೋಡ್ತಾರ?" ಅವರ ಮಾತಿನಲ್ಲೂ ನ್ಯಾಯ ಇತ್ತು, ಹೊರಗೆ ಯಾವಾಗಲೂ ಸಾಲು ಇರುತ್ತಿತ್ತು. ನನ್ನ ರಜೆಯ ದಿನ ಸಿರುಗುಪ್ಪದ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ದೇಶನೂರಿಗೆ ಹೋದೆ.

ಹೋಗಿ ನೋಡಿದರೆ ನಡುಮನೆಯಲ್ಲಿ ಮಂಚ, ಮಂಚದ ಮೇಲೆ ದೊಡ್ಡಬಸಪ್ಪ. ಸುತ್ತಲೂ ಮಕ್ಕಳು, ಸೊಸೆಯರು, ಬೀಗರು, ಓಣಿಯವರು ಚಾಪೆ ಹಾಕಿಕೊಂಡು ಕುಳಿತಿದ್ದಾರೆ. ಟಿವಿ ಬಂದ್. ಎಲ್ಲರ ಕಣ್ಣೂ ಅವರ ಬಾಯಿಯ ಮೇಲೆ. ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸುತ್ತಿದ್ದರು ಪಾಪ. ದೊಡ್ಡಬಸಪ್ಪ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು, ನಿದ್ದೆಯ ನಾಟಕ. ಅಷ್ಟು ಜನ ನನ್ನ ಬಾಯಿ ನೋಡುತ್ತ ಕುಳಿತರೆ ನನಗೂ ಮಾತು ಬರುತ್ತಿರಲಿಲ್ಲ. ಎಲ್ಲರನ್ನೂ ಎಬ್ಬಿಸಿ ಅವರವರ ಕೆಲಸಕ್ಕೆ ಕಳಿಸಿ, ಹಿರಿಯ ಮಗ ಈರಣ್ಣನ ಜೊತೆ ಹೊಲದ ಕಡೆ ನಡೆದೆ. ಫೋನಿನಲ್ಲಿ ಕಂಡದ್ದನ್ನೆಲ್ಲ ಫೋಟೋ ತೆಗೆದೆ. ಅವರು ಕೂರುವ ಕಟ್ಟೆ, ಟ್ರ್ಯಾಕ್ಟರ್, ಎಮ್ಮೆ, ಕಾಲುವೆ, ಕಾಲುವೆಯಿಂದ ಗದ್ದೆಗೆ ನೀರು ಬಿಡುವ ತೂಬು.

ತಿರುಗಿ ಬಂದು ಮಂಚದ ಪಕ್ಕ ಕುಳಿತು ಒಂದೊಂದೇ ಫೋಟೋ ತೋರಿಸಿದೆ. ತೂಬಿನ ಫೋಟೋ ಬಂದದ್ದೇ ದೊಡ್ಡಬಸಪ್ಪ ಎಡಗೈಯಿಂದ ನನ್ನ ಮುಂಗೈ ಹಿಡಿದರು. "ನೀಳ್ಳು! ನೀಳ್ಳು!" ಎನ್ನುತ್ತ ಮಗನ ಕಡೆ ನೋಡಿದರು.

ಈರಣ್ಣನಿಗೆ ತಟ್ಟನೆ ತಿಳಿಯಿತು. "ಬಂದಾವಪ್ಪಾ, ಕಾಲುವಿಗೆ ನೀರ್ ಬಂದಾವ. ಕೆಳಗಿನ ಗದ್ದಿಗೂ ಬಿಟ್ಟೀವಿ. ನಾಟಿ ಮುಗದೈತಿ."

ದೊಡ್ಡಬಸಪ್ಪ ಕೈ ಬಿಟ್ಟು ದಿಂಬಿಗೆ ಒರಗಿದರು. ಬಾಯಿಗೆ ಮಾತು ಬಂದಾಗಿನಿಂದ ಆ ಮನುಷ್ಯ ಕೇಳುತ್ತಿದ್ದದ್ದು ಅದೊಂದೇ, ಗದ್ದೆಗೆ ನೀರು ಬಂತೋ ಇಲ್ಲವೋ. ನಾವು ಲೋಟ ಹಿಡಿಯುತ್ತಿದ್ದೆವು.

ಆ ಫೋಟೋಗಳನ್ನು ದೊಡ್ಡದಾಗಿ ಮಾಡಿಸಿ, ಒಂದು ಆಲ್ಬಮ್ ಕಟ್ಟಿ ಅವರಿಗೆ ಕೊಟ್ಟೆ. ಮುಂದಿನ ತಿಂಗಳುಗಳಲ್ಲಿ ಅವರ ಮಾತು ಅದರ ಮೇಲೆ ಕಾಲೂರಿ ನಡೆಯಿತು. ಮೊದಲು ತೆಲುಗು, ಹಿಂದೆಯೇ ಕನ್ನಡ. ಪೂರ್ತಿ ವಾಕ್ಯ ಎಂದೂ ಬರಲಿಲ್ಲ. ಒಂದು ಶಬ್ದ, ಒಂದು ಫೋಟೋ, ಒಂದು ಕೈಸನ್ನೆ ಸೇರಿಸಿ ಅವರು ಊರಿನ ಜಗಳ ಬಿಡಿಸುವಷ್ಟು ಆದರು. ನಿಮ್ಮ ರೋಗಿಯ ಮನೆಯನ್ನು ಒಮ್ಮೆ ನೋಡಿ ಎಂದು ನಾನು ಹೇಳುವುದು ಇದಕ್ಕೇ. ಹೋಗಲು ಆಗದಿದ್ದರೆ ಮನೆಯವರಿಂದ ಫೋಟೋ ತರಿಸಿ. ಈಗಂತೂ ವೀಡಿಯೋ ಕಾಲ್ ಇದೆ, ನಮ್ಮ ಕಾಲದ ಹಾಗೆ ಆಟೋ ಕಾಯಬೇಕಿಲ್ಲ.

ದೊಡ್ಡಬಸಪ್ಪನ ನೆಪದಲ್ಲಿ ಇನ್ನೊಂದು ಕೆಲಸ ಆಯಿತು. ನನಗಿಂತ ಚೆನ್ನಾಗಿ ಅವರನ್ನು ಮಾತಾಡಿಸಿದ್ದು ಅವರಂಥವರೇ. ಸಿರುಗುಪ್ಪದಲ್ಲಿ ಪಾರ್ಶ್ವವಾಯುವಿನಿಂದ ಮಾತು ಕುಂಟಿದವರನ್ನೆಲ್ಲ ತಿಂಗಳಿಗೊಮ್ಮೆ ಒಂದು ಶಾಲೆಯ ಕೋಣೆಯಲ್ಲಿ ಸೇರಿಸತೊಡಗಿದೆವು. ಯಾರಿಗೂ ಗಡಿಬಿಡಿ ಇಲ್ಲ, ಯಾರೂ ಇನ್ನೊಬ್ಬರ ಮಾತನ್ನು ಮುಗಿಸಿಕೊಡುವುದಿಲ್ಲ. ಬಳೆ ಮಾರುವ ಖಾಜಾಬಿ ಎಂಬಾಕೆ ಉರ್ದುವಿನ ಒಂದು ಶಬ್ದಕ್ಕಾಗಿ ತಡಕಾಡುತ್ತಿದ್ದರೆ ಎಲ್ಲರೂ ತಾಳ್ಮೆಯಿಂದ ಕಾಯುತ್ತಿದ್ದರು. ಕೊನೆಗೆ ಅದು ಬಂದಾಗ, ಅರ್ಥವಾಗದವರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮೂಲೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ನನ್ನ ವೃತ್ತಿಯಲ್ಲಿ ನಾನು ಏನೂ ಮಾಡದೆ ಅತಿ ಹೆಚ್ಚು ಕೆಲಸವಾದ ಜಾಗ ಅದು.

ಎಲ್ಲ ಕಡೆ ಹೀಗೇ ಆಯಿತು ಎನ್ನಲಾರೆ. ಹಲಕುಂದಿಯ ಒಬ್ಬ ನಿವೃತ್ತ ಮಾಸ್ತರರು ನರಗಳು ಕ್ಷೀಣಿಸುವ ಕಾಯಿಲೆಯಿಂದ ನನ್ನ ಬಳಿ ಬಂದಾಗ ಅವರ ಧ್ವನಿ ಅದಾಗಲೇ ಹೋಗಿತ್ತು. ಬೇಗ ಬಂದಿದ್ದರೆ ಅವರದೇ ಧ್ವನಿಯಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿ ಇಟ್ಟುಕೊಳ್ಳಬಹುದಿತ್ತು. ಈ ಕಾಯಿಲೆಯವರು ಬಂದ ಮೊದಲ ದಿನವೇ, ಮಾತು ಇನ್ನೂ ಚೆನ್ನಾಗಿರುವಾಗಲೇ, ಅದನ್ನು ಮಾಡಿಸಿಬಿಡಿ. ಮಾಸ್ತರರ ಮನೆಯವರು ಎಲ್ಲರ ಫೋನುಗಳನ್ನೂ ಜಾಲಾಡಿದರು. ಎಲ್ಲೆಲ್ಲೂ ಅವರ ಮುಖ, ಧ್ವನಿ ಎಲ್ಲೂ ಇಲ್ಲ. ಕೊನೆಗೆ ಮಗಳ ಮದುವೆಯ ವೀಡಿಯೋದಲ್ಲಿ ಫೋಟೋದವರನ್ನು ಗದರಿಸುವ ಒಂದು ತುಣುಕು ಸಿಕ್ಕಿತು: "ಸಾಕ್ ಬಿಡ್ರಿ ಫೋಟಾ, ಎಲಿ ಹಾಕ್ಯಾರ, ಏಳ್ರಿ ಉಣ್ಣಾಕ!" ಅದನ್ನೇ ಕತ್ತರಿಸಿ ಅವರ ಫೋನಿನಲ್ಲಿ ಒತ್ತಿದರೆ ಕೇಳುವಂತೆ ಇಟ್ಟೆವು. ದಿನಾ ಊಟದ ಹೊತ್ತಿಗೆ ಮಾಸ್ತರರು ಬೆರಳಿನಿಂದ ಅದನ್ನು ಒತ್ತುತ್ತಿದ್ದರು. ಮನೆಯವರೆಲ್ಲ ಕೆಲಸ ಬಿಟ್ಟು ಓಡಿ ಬಂದು ಸಾಲಾಗಿ ಕೂರುತ್ತಿದ್ದರು. ಬೆರಳು ಆಡುವವರೆಗೂ ಆ ಮನೆಯಲ್ಲಿ ಊಟಕ್ಕೆ ಕರೆಯುವ ಹಕ್ಕು ಅವರದೇ ಆಗಿತ್ತು.

ಇನ್ನು ನಾಗವೇಣಿಯ ವಿಷಯ.

ನಮ್ಮ ಆಸ್ಪತ್ರೆ ಗುರುವಾರಕ್ಕೊಮ್ಮೆ ಕುರುಗೋಡಿನಲ್ಲಿ ಕ್ಲಿನಿಕ್ ನಡೆಸುತ್ತಿತ್ತು. ಅಲ್ಲಿಗೆ ಒಂದು ಗುರುವಾರ ಶಿವಲೀಲಾ ಎಂಬ ಹೆಣ್ಣುಮಗಳು ತನ್ನ ನಾದಿನಿಯನ್ನು ಆಟೋದಲ್ಲಿ ಕರೆತಂದಳು. ನಾದಿನಿ ನಾಗವೇಣಿಗೆ ನಲವತ್ತರ ಹತ್ತಿರ. ಹುಟ್ಟುವಾಗ ಮೆದುಳಿಗೆ ಆದ ಪೆಟ್ಟಿನಿಂದ ಕೈಕಾಲು ತಮ್ಮಷ್ಟಕ್ಕೆ ತಾವೇ ಸೆಟೆದುಕೊಳ್ಳುತ್ತಿದ್ದವು, ಕುತ್ತಿಗೆ ನಿಲ್ಲುತ್ತಿರಲಿಲ್ಲ. ಬಾಯಿಂದ ಧ್ವನಿ ಬರುತ್ತಿತ್ತು, ಶಬ್ದವಲ್ಲ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಷ್ಟು ವರ್ಷ ನೋಡಿಕೊಂಡಿದ್ದ ತಾಯಿ ಕೆಲವು ತಿಂಗಳ ಹಿಂದೆ ತೀರಿಕೊಂಡಿದ್ದರು. ಅಂದಿನಿಂದ ಊಟ ಮಾಡಿಸುವಾಗಲೆಲ್ಲ ಕೆಮ್ಮು, ಉಸಿರು ಸಿಕ್ಕಿಕೊಳ್ಳುವುದು. ಮೈ ಇಳಿದುಹೋಗಿತ್ತು.

"ಇಕಿಗೆ ಏನೂ ತಿಳಿಯಂಗಿಲ್ರಿ," ಎಂದಳು ಶಿವಲೀಲಾ. "ಉಣ್ಣಾಕ ಆದ್ರ ಸಾಕು. ನನಗ ಹೆದರಿಕಿ ಆಗತೈತಿ, ತುತ್ತ ಕೊಟ್ಟಾಗೆಲ್ಲ ಜೀವ ಹೋಗಿಬಿಡ್ತೈತೇನೋ ಅಂತ."

ಆ ಹೆದರಿಕೆ ನಿಜವಾದದ್ದು. ಊಟ ಮಾಡಿಸುವುದನ್ನು ನೋಡಿದೆ. ಹಿಂದಕ್ಕೆ ಒರಗಿಸಿ, ತೆಳು ಸಾರಿನ ಅನ್ನವನ್ನು ದೊಡ್ಡ ಚಮಚದಲ್ಲಿ ಬೇಗ ಬೇಗ ಹಾಕುತ್ತಿದ್ದಳು. ನೇರ ಕೂರಿಸಿ, ತಲೆಯ ಹಿಂದೆ ಕೈ ಕೊಟ್ಟು, ಗದ್ದ ತುಸು ಕೆಳಗೆ ಇರುವಂತೆ ಹಿಡಿದು, ಅಂಬಲಿಯ ಹದಕ್ಕೆ ದಪ್ಪಗೆ ಮಾಡಿದ್ದನ್ನು ಚಿಕ್ಕ ಚಮಚದಲ್ಲಿ ಕೊಟ್ಟು, ನುಂಗುವವರೆಗೆ ಕಾಯುವುದನ್ನು ತೋರಿಸಿದೆ. ಪ್ರತಿ ರೋಗಿಗೂ ಹದ ಬೇರೆ, ಇದನ್ನು ಕೂತು ನೋಡಿಯೇ ಗೊತ್ತುಮಾಡಬೇಕು. ಎರಡನೆಯ ವಾರಕ್ಕೆ ಕೆಮ್ಮು ಬಹಳಷ್ಟು ಇಳಿದಿತ್ತು.

ಶಿವಲೀಲಾಗೆ ಸಮಾಧಾನವಾಗಿ ಮಾತು ಹೊರಟಿತು. ಅವಳ ಗಂಡ ಮಲ್ಲಿಕಾರ್ಜುನ, ಅಂದರೆ ನಾಗವೇಣಿಯ ತಮ್ಮ, ಕುರುಗೋಡಿನಲ್ಲಿ ಪೈಪು, ಪಂಪಿನ ಸಾಮಾನಿನ ಅಂಗಡಿ ಇಟ್ಟವನು. ಅವನ ಫಜೀತಿ ಹೇಳತೊಡಗಿದಳು: "ನಿನ್ನೆ ನಮ್ಮನಿಯವ್ರು ಫೋನಿನ್ಯಾಗ ಒಬ್ಬ ಗಿರಾಕಿಗೆ ಎಲ್ಲಿ ಅದೀರಿ, ಎಲ್ಲಿ ಅದೀರಿ ಅಂತ ಒದರಾಕ ಹತ್ತಿದ್ರು. ಆ ಮನಿಷ್ಯಾ ನೋಡಿದ್ರ..."

ನಾಗವೇಣಿ ಗಹಗಹಿಸಿ ನಕ್ಕಳು.

"...ಅವ್ರ ಮುಂದ ನಿಂತಿದ್ದ!" ಎಂದು ಮುಗಿಸಿದಳು ಶಿವಲೀಲಾ.

ನಗು ಮೊದಲು ಬಂದಿತ್ತು, ಮಾತು ಆಮೇಲೆ. ನಾನು ಚಮಚ ಕೆಳಗಿಟ್ಟೆ. "ಈ ಸುದ್ದಿ ಮನಿಯಾಗ ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ರಿ. ನಿನ್ನೆ ಅಡಿಗಿ ಮನಿಯಾಗ ಅವ್ರು ನನಗ ಹೇಳಿದ್ರು."

"ನಾಗವೇಣಿ ಎಲ್ಲಿದ್ರು?"

"ಮಗ್ಗಲ ರೂಮಿನ್ಯಾಗ."

ಅಂದರೆ ಆಕೆ ಗೋಡೆಯಾಚೆಯಿಂದ ಕೇಳಿಸಿಕೊಂಡು, ನೆನಪಿಟ್ಟುಕೊಂಡು, ನಗುವ ಜಾಗಕ್ಕೆ ನಮಗಿಂತ ಮೊದಲೇ ತಲುಪಿದ್ದಳು. ನಾನು ಅವಳ ಎದುರು ಬಂದು ಕುಳಿತು ಕೇಳಿದೆ, "ನಿಮಗ ಗೊತ್ತಿತ್ತೇನ್ರಿ ಇದು?"

ಕಣ್ಣು ಗುಡ್ಡೆಗಳು ಮೇಲೆ ಹೋದವು. ಸೆಟೆತ ಬಂತೇನೋ ಎಂದು ಕಾಯ್ದೆ. "ಗೊತ್ತಿರಲಿಲ್ವಾ?" ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಸಂಶಯ ಪರಿಹರಿಸಿಕೊಳ್ಳಲು ಕೇಳಿದೆ, "ನಿಮ್ಮ ತಮ್ಮನ ಹೆಸರು ಬಸವರಾಜ ಏನ್ರಿ?" ಮುಚ್ಚಿದಳು. "ಮಲ್ಲಿಕಾರ್ಜುನ?" ಮೇಲೆ ನೋಡಿದಳು.

ಶಿವಲೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅತ್ತಿ ಜೋಡಿ ಯಾವಾಗ್ಲೂ ಹಿಂಗ ಮ್ಯಾಲ ನೋಡ್ತಿದ್ಲು ರಿ. ಅತ್ತಿ ಏನೇನೋ ಮಾತಾಡ್ಕೊಂತ ಇರ್ತಿದ್ರು. ಹುಚ್ಚಿ ಜೋಡಿ ಹುಚ್ಚಿ ಆಗ್ಯಾರ ಅಂತ ನಾವು ನಗ್ತಿದ್ವಿ."

ಅವ್ವ, ಮಗಳ ನಡುವೆ ಅಷ್ಟು ವರ್ಷ ಮಾತುಕತೆ ನಡೆದಿತ್ತು. ಅವ್ವ ಹೋದ ದಿನ ಅದು ನಿಂತಿತ್ತು. ಹೌದು ಎಂದರೆ ಮೇಲೆ, ಇಲ್ಲ ಎಂದರೆ ಮುಚ್ಚುವುದು, ಇಷ್ಟನ್ನು ಓದಬಲ್ಲವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಬಳ್ಳಾರಿಗೆ ಬಂದು ಹಿರಿಯ ಡಾಕ್ಟರಿಗೆ ಹೇಳಿದೆ, ಈ ಹೆಣ್ಣುಮಗಳಿಗೆ ಪ್ರತಿವಾರ ಸಮಯ ಬೇಕು ಎಂದು. "ನಲ್ವತ್ತು ವರ್ಷ ಮಾತಾಡಲಾರದಾಕಿಗೆ ಈಗೇನು ಕಲಿಸ್ತೀಯಮ್ಮಾ? ಸಣ್ಣ ಹುಡುಗ್ರ ಸಾಲು ನೋಡು ಹೊರಗ," ಎಂದರು. "ಆಕಿಗೆ ಕಲಿಸೋದೇನಿಲ್ಲ ಸಾರ್, ಕಲಿಯೋದು ನಾವು," ಎಂದೆ. ಅವರು, "ಎಲ್ಲಾರ್ನೂ ನೋಡಿ ಮುಗದಮ್ಯಾಲ ಮಾಡ್ಕೋ," ಎಂದರು.

ಅಷ್ಟರಲ್ಲಿ ಮಲ್ಲಿಕಾರ್ಜುನ ಫೋನ್ ಮಾಡಿದ. ದೂರದ ಊರಿನಲ್ಲಿ ಒಂದು ಆಶ್ರಮ ನೋಡಿದ್ದೇವೆ, ಅಲ್ಲಿ ನರ್ಸುಗಳಿದ್ದಾರೆ, ಮುಂದಿನ ತಿಂಗಳು ಅಕ್ಕನನ್ನು ಬಿಟ್ಟು ಬರುತ್ತೇವೆ, ಅಲ್ಲಿಯವರಿಗೆ ಕೊಡಲು ಊಟದ ಕ್ರಮ ಬರೆದುಕೊಡಿ ಎಂದ. ಕೆಟ್ಟವನಲ್ಲ ಅವನು. "ಶಿವಲೀಲಾಗ ನಡು ಹಿಡದೈತ್ರಿ, ಎತ್ತಿ ಇಳಿಸಾಕ ಆಗವಲ್ದು. ನಾನು ಅಂಗಡಿಯಾಗ ಇರ್ತೀನಿ. ಏನ್ ಮಾಡ್ಲಿ ಹೇಳ್ರಿ?"

"ಅಕ್ಕನ್ನ ಕೇಳಿದ್ರೇನು?"

"ಏನಂತ ಕೇಳೋದ್ರಿ?" ಎಂದ. ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ ಅದು.

ಮುಂದಿನ ಗುರುವಾರ ನಾನು ಒಂದು ಹಲಗೆ ಮಾಡಿಕೊಂಡು ಹೋದೆ. ಹಲಗೆ ಎಂದರೆ ಗಾಜಿನ ಹಾಗೆ ಆಚೆ ಕಾಣುವ ದಪ್ಪ ಪ್ಲಾಸ್ಟಿಕ್ ಹಾಳೆ, ಬಳ್ಳಾರಿಯ ಫೋಟೋ ಫ್ರೇಮಿನ ಅಂಗಡಿಯಲ್ಲಿ ಕತ್ತರಿಸಿ ಕೊಟ್ಟದ್ದು. ಮೂಲೆಗಳಲ್ಲಿ ಫೋಟೋ ಅಂಟಿಸಿ ಇಬ್ಬರ ನಡುವೆ ಎತ್ತಿ ಹಿಡಿದರೆ, ಅವರ ಕಣ್ಣು ಯಾವ ಮೂಲೆಗೆ ಹೋಗುತ್ತದೆ ಎಂಬುದು ಆಚೆ ಕುಳಿತ ನಮಗೆ ಕಾಣುತ್ತದೆ. ಕೈ ಆಡದವರಿಗೆ ಇಷ್ಟು ಅಗ್ಗದ, ಇಷ್ಟು ಉಪಯೋಗದ ಸಾಧನವನ್ನು ನಾನು ಬೇರೆ ಕಂಡಿಲ್ಲ. ಊಟದ ಫೋಟೋ, ನೀರಿನ ಫೋಟೋ, ಹಾಸಿಗೆಯ ಫೋಟೋ ಅಂಟಿಸಿದ್ದೆ. ನಾಲ್ಕನೆಯ ಮೂಲೆಗೆ ಏನೂ ತೋಚದೆ ಖಾಲಿ ಬಿಟ್ಟಿದ್ದೆ.

ಎತ್ತಿ ಹಿಡಿದೆ. ನಾಗವೇಣಿಯ ಕಣ್ಣು ಖಾಲಿ ಮೂಲೆಗೆ ಹೋಯಿತು. ಬೆಳಕು ಆ ಕಡೆ ಇದೆಯೇನೋ ಎಂದು ಹಾಳೆಯನ್ನು ತಲೆಕೆಳಗು ಮಾಡಿದೆ. ಕಣ್ಣು ಖಾಲಿ ಮೂಲೆಯ ಹಿಂದೆಯೇ ತಿರುಗಿತು.

"ಇದರಾಗ ಇಲ್ಲದ್ದು ಏನೋ ಹೇಳಬೇಕೇನ್ರಿ?"

ಕಣ್ಣು ಮೇಲೆ.

ಹುಡುಕಲು ಶುರು ಮಾಡಿದೆವು. ಉಣ್ಣೋದಾ? ಮುಚ್ಚಿದಳು. ಎಲ್ಲೆರ ನೋವಾ? ಮುಚ್ಚಿದಳು. ಮನುಷ್ಯರ ವಿಷಯವಾ? ಮೇಲೆ. ತಮ್ಮನಾ? ಶಿವಲೀಲಾ? ಮುಚ್ಚಿದಳು, ಮುಚ್ಚಿದಳು. ಆಗ ಶಿವಲೀಲಾ ತಾನೇ ಕೇಳಿದಳು, "ಅವ್ವನ ಸುದ್ದಿ ಏನ, ನಾಗಕ್ಕಾ?"

ಕಣ್ಣು ಮೇಲೆ ಹೋದವು, ಹೋದ ಹಾಗೆಯೇ ತುಂಬಿ ಹರಿದವು.

ಶಿವಲೀಲಾ ನನ್ನ ಕಡೆ ತಿರುಗಿದಳು. "ಅತ್ತಿ ಸತ್ತಾರಂತ ಇಕಿಗೆ ಯಾರೂ ಹೇಳಿಲ್ರಿ ಮೇಡಂ. ತಿಳಿಯಂಗಿಲ್ಲ ಅಂತ ಅನ್ಕೊಂಡ್ವಿ. ಅವತ್ತು ಮಂದಿ ಬಂದಿದ್ರು, ಇಕಿ ಒದರತಾಳಂತ ರೂಮಿಗೆ ಬಾಗಲಾ ಹಾಕಿದ್ವಿ."

ಶಿವಲೀಲಾ ಗಾಲಿ ಕುರ್ಚಿಯ ಮುಂದೆ ಕೆಳಗೆ ಕುಳಿತು, ನಾದಿನಿಯ ಸೆಟೆದ ಕೈ ಹಿಡಿದು ಹೇಳಿದಳು, "ನಾಗಕ್ಕಾ, ಅತ್ತಿ ಹೋಗಿಬಿಟ್ರು. ಎದಿ ನೋವು ಬಂದು ಹೋದ್ರು. ನಿನ್ನ ಬಿಟ್ಟು ಎಲ್ಲೂ ಹೋಗಿದ್ದಿಲ್ಲ ಅವ್ರು, ತಾವಾಗಿ ಬಿಟ್ಟು ಹೋಗಿಲ್ಲ. ನಮ್ಮ ಹೊಲದಾಗ ಮಾವನ ಮಗ್ಗಲ ಮಣ್ಣ ಮಾಡೀವಿ. ನಿನ್ನ ಕರ್ಕೊಂಡ್ ಹೋಗ್ತೀನಿ, ನೋಡುವಂತಿ." ಇಬ್ಬರೂ ಅತ್ತರು. ಆ ಹೊತ್ತು ನಾಗವೇಣಿಯ ಬಾಯಿಂದ ಬಂದ ಧ್ವನಿಗೆ ನನ್ನ ಪುಸ್ತಕಗಳಲ್ಲಿ ಹೆಸರಿಲ್ಲ. ಆದರೆ ಅದು ಅವ್ವನನ್ನು ಕರೆದದ್ದು ಎಂಬುದರಲ್ಲಿ ನನಗಾಗಲಿ ಶಿವಲೀಲಾಗಾಗಲಿ ಸಂಶಯ ಉಳಿಯಲಿಲ್ಲ.

ಆ ಭಾನುವಾರ ಮಲ್ಲಿಕಾರ್ಜುನ ಅಂಗಡಿಯ ಗಾಡಿಯಲ್ಲಿ ಅಕ್ಕನನ್ನು ಹೊಲಕ್ಕೆ ಕರೆದೊಯ್ದು, ಎರಡೂ ಕೈಯಲ್ಲಿ ಎತ್ತಿಕೊಂಡು ಅವ್ವನ ಸಮಾಧಿಯ ಹತ್ತಿರ ಕೂರಿಸಿದನಂತೆ. ಬಂದ ಗುರುವಾರ ಕ್ಲಿನಿಕ್ಕಿಗೆ ಅವನೂ ಬಂದ. ನಾನು ಹೇಳುವ ಮೊದಲೇ ಅಕ್ಕನ ಎದುರು ಕುಳಿತು ಕೇಳಿದ.

"ಅಕ್ಕಾ, ಆ ಆಶ್ರಮಕ್ಕ ಹೋಗ್ತೀಯೇನು?"

ಮುಚ್ಚಿದಳು. ಅವನು ಉಸಿರು ಬಿಟ್ಟ. "ಹಂಗಾರ ಮನಿಯಾಗ ಈಗ ಹೆಂಗದಿ ಹಂಗ ಇರ್ತಿ?"

ಅದಕ್ಕೂ ಮುಚ್ಚಿದಳು.

ಅವನು ಗೊಂದಲದಿಂದ ನನ್ನನ್ನು ನೋಡಿದ. ನಾನು ಹಲಗೆ ಎತ್ತಿದೆ. ಕಣ್ಣು ಖಾಲಿ ಮೂಲೆಗೆ ಹೋಯಿತು. ಮತ್ತೆ ಹುಡುಕಾಟ. ಬೇರೆ ಊರಾ? ಅಲ್ಲ. ಕುರುಗೋಡಿನ್ಯಾಗನಾ? ಹೌದು. ಆ ರೂಮಿನ್ಯಾಗ? ಗಟ್ಟಿಯಾಗಿ ಮುಚ್ಚಿದಳು. ಹೊರಗ? ಹೌದು. ಗುಡಿಯಾ? ಕಟ್ಟಿ ಮ್ಯಾಲಾ? ಅಲ್ಲ, ಅಲ್ಲ.

"ಅಂಗಡಿ?" ಎಂದಳು ಶಿವಲೀಲಾ.

ಕಣ್ಣು ಮೇಲೆ ಹೋಗಿ ಅಲ್ಲೇ ನಿಂತವು.

"ಅಂಗಡಿಯಾ? ಬರೇ ಪೈಪು, ಮೋಟರು. ಅಲ್ಲೇನೈತಿ ಅಕ್ಕಾ ನಿನಗ?" ಎಂದ ಮಲ್ಲಿಕಾರ್ಜುನ.

"ಮಂದಿ ಅದಾರ," ಎಂದಳು ಶಿವಲೀಲಾ, ನಾದಿನಿಯ ಮುಖ ನೋಡುತ್ತ. ನಾಗವೇಣಿ ಮೇಲೆ ನೋಡಿದಳು.

ಅಂಗಡಿಯ ಒಂದು ಬದಿ ಖಾಲಿ ಮಾಡಿ ಅವಳ ಕುರ್ಚಿಗೆ ಜಾಗವಾಯಿತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಲ್ಲಿ ತಮ್ಮನೇ ನೋಡಿಕೊಳ್ಳುತ್ತಿದ್ದುದರಿಂದ ಶಿವಲೀಲಾಳ ನಡುವಿಗೂ ಬಿಡುವು ಸಿಕ್ಕಿತು. ಆಶ್ರಮದ ಮಾತು ತಾನಾಗಿ ನಿಂತಿತು. ಗಿರಾಕಿಗಳು ಮೊದಮೊದಲು ಓರೆಗಣ್ಣಿನಿಂದ ನೋಡಿದರು, ಕೆಲವರು ಅಯ್ಯೋ ಎಂದರು. ಕ್ರಮೇಣ ಸುದ್ದಿ ಹೇಳಿಕೊಳ್ಳಲು ಅವಳ ಪಕ್ಕದ ಸ್ಟೂಲಿಗೇ ಬಂದು ಕೂರತೊಡಗಿದರು. ಕೇಳಿಸಿಕೊಳ್ಳುವುದರಲ್ಲಿ ಅವಳಿಗೆ ಯಾವತ್ತೂ ಅವಸರವಿರಲಿಲ್ಲ.

ಇಷ್ಟು ಆದ ಮೇಲೆ ನನಗೂ ಆಸೆ ಹೆಚ್ಚಾಯಿತು. ನಾಗವೇಣಿಯ ಎಡ ಮೊಣಕಾಲು ಮಾತ್ರ ಅವಳು ಹೇಳಿದ ಮಾತು ಕೇಳುತ್ತಿತ್ತು. ಪರಿಚಯದವರ ಮೂಲಕ ಮೊಣಕಾಲಿನಿಂದ ಒತ್ತುವಂಥ ದೊಡ್ಡ ಗುಂಡಿಯೊಂದನ್ನು ತರಿಸಿ ಫೋನಿಗೆ ಜೋಡಿಸಿದೆ. ಪರದೆಯ ಮೇಲೆ ಚಿತ್ರಗಳು ಒಂದರ ಹಿಂದೆ ಒಂದು ಬೆಳಗುತ್ತ ಹೋಗುತ್ತವೆ. ಬೇಕಾದದ್ದು ಬಂದಾಗ ಒತ್ತಿದರೆ ಫೋನ್ ಆ ಮಾತು ಆಡುತ್ತದೆ. ಯಂತ್ರದ ಮಾತು ಮಾತ್ರ ಶುದ್ಧ ಗ್ರಾಂಥಿಕ. "ದಯವಿಟ್ಟು ನನಗೆ ಕುಡಿಯಲು ನೀರನ್ನು ನೀಡಿ" ಎಂದು ಅದು ಮೊದಲ ಸಲ ಅಂದಾಗ ಅಂಗಡಿಯಲ್ಲಿದ್ದ ಗಿರಾಕಿಯೊಬ್ಬ, "ಮಲ್ಲಣ್ಣಾ, ಯಾವ್ದೋ ಕಂಪನಿ ಫೋನ್ ಬಂದೈತಿ ನೋಡಪಾ," ಎಂದ. ನಾಗವೇಣಿ ಆ ದಿನವೇ ಗುಂಡಿ ಮುಟ್ಟುವುದನ್ನು ಬಿಟ್ಟಳು. ಎಷ್ಟು ಪುಸಲಾಯಿಸಿದರೂ ಕಣ್ಣು ಮುಚ್ಚುವಳು.

ಆಮೇಲೆ ಶಿವಲೀಲಾ ತನ್ನ ಧ್ವನಿ ಕೊಟ್ಟಳು. ಯಾವ ಮಾತು ಬೇಕು ಎಂದು ಒಂದೊಂದನ್ನೂ ನಾಗವೇಣಿಯನ್ನೇ ಕೇಳಿ, ಅವಳು ಮೇಲೆ ನೋಡಿದ್ದನ್ನು ಮಾತ್ರ ಮಾತಾಡಿ ತುಂಬಿದೆವು. "ನೀರ್ ಕೊಡ್ರಿ." "ಬರ್ರಿ, ಕುಂದರ್ರಿ." "ಮಲ್ಲ್ಯಾ, ಇಲ್ಲಿ ಬಾ." ಗಿರಾಕಿಗಳಿಗೆಂದೇ ಒಂದು, "ಸುಳ್ಳ ಹೇಳಬ್ಯಾಡ್ರಿ." ಇದು ಚೌಕಾಸಿಯ ನಡುವೆ ಬಂದರೆ ಅಂಗಡಿಯೇ ನಗುತ್ತಿತ್ತು. ವಿದೇಶದ ಯಂತ್ರವಾಗಲಿ, ಬೆಂಗಳೂರಿನ ಆ್ಯಪ್ ಆಗಲಿ, ತರಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಒಳಗೆ ತುಂಬುವ ಮಾತು ಆ ಓಣಿಯದಾಗಿರಲಿ, ಆರಿಸುವುದು ಆಡುವವರದಾಗಿರಲಿ.

ಹಿರಿಯ ಡಾಕ್ಟರಿಗೆ ಆ ಅಂಗಡಿಯ ವೀಡಿಯೋ ತೋರಿಸಿದೆ. ಎರಡು ಸಲ ನೋಡಿದರು. "ಗುರುವಾರ ಕುರುಗೋಡಿಗೆ ಇನ್ನೊಬ್ಬರನ್ನೂ ಕರ್ಕೊಂಡ್ ಹೋಗಮ್ಮಾ. ಸಣ್ಣವ್ರನ್ನ ಅವ್ರು ನೋಡ್ಲಿ, ದೊಡ್ಡವ್ರನ್ನ ನೀನು ನೋಡು," ಎಂದರು. ನನ್ನ ಸರ್ವಿಸಿನಲ್ಲಿ ನನಗೆ ಸಿಕ್ಕ ದೊಡ್ಡ ಬಡ್ತಿ ಅದೇ ಎಂದು ಈಗಲೂ ಅಂದುಕೊಳ್ಳುತ್ತೇನೆ.

ನಿವೃತ್ತಿಯಾದ ಮೇಲೆ ಒಮ್ಮೆ ಕುರುಗೋಡಿನಲ್ಲಿ ನೆಂಟರ ಮನೆಗೆ ಹೋಗಿದ್ದವಳು ಅಂಗಡಿಯ ಕಡೆ ಕಾಲು ಹಾಕಿದೆ. ಮಲ್ಲಿಕಾರ್ಜುನ ಪೈಪು ಅಳೆಯುತ್ತಿದ್ದ. ಶಿವಲೀಲಾ ಊಟದ ಡಬ್ಬಿ ತಂದಿದ್ದಳು. ನಾಗವೇಣಿ ತುಸು ಮೈ ತುಂಬಿಕೊಂಡಿದ್ದಳು, ಹೊಸ ಹಸಿರು ಬಳೆ ಹಾಕಿಸಿಕೊಂಡಿದ್ದಳು. "ಬರ್ರಿ, ಕುಂದರ್ರಿ" ಎಂದಿತು ಫೋನು. ಸ್ಟೂಲಿನ ಮೇಲೆ ಕುಳಿತೆ. ಹಳೆಯ ರೂಢಿಯಂತೆ ಶಿವಲೀಲಾಳ ಕಡೆ ತಿರುಗಿ, "ಉಣ್ಣುವಾಗ ಈಗೂ ಕೆಮ್ಮು ಬರತೈತೇನ ಆಕಿಗೆ?" ಎಂದೆ.

ಶಿವಲೀಲಾ ಬಾಯಿ ತೆರೆಯುವ ಮೊದಲೇ ಅವಳದೇ ಧ್ವನಿ ಬೇರೆ ಕಡೆಯಿಂದ ಬಂತು.

"ನನ್ನ ಕೇಳ್ರಿ."

ಆ ಮಾತನ್ನು ನಾನು ತುಂಬಿಸಿದ್ದಲ್ಲ. "ಹೊಸಾದ್ರಿ ಅದು, ಅಕಿನ ಹಾಕಿಸಿಕೊಂಡಾಳ," ಎಂದು ಶಿವಲೀಲಾ ನಕ್ಕಳು. ನಾನೂ ನಕ್ಕು ಸ್ಟೂಲನ್ನು ಪೂರ್ತಿ ನಾಗವೇಣಿಯ ಕಡೆ ತಿರುಗಿಸಿಕೊಂಡೆ. "ತಪ್ಪಾತು ನಾಗಕ್ಕಾ. ಉಣ್ಣುವಾಗ ಕೆಮ್ಮು ಬರತೈತೇನು?"

ಕಣ್ಣು ಮುಚ್ಚಿದಳು. ಇಲ್ಲ.

ಏಳುವುದೋ ಇನ್ನೂ ಕೂರುವುದೋ ಎಂದು ಯೋಚಿಸುತ್ತಿರುವಾಗ ಅವಳ ಮೊಣಕಾಲು ಗುಂಡಿಯ ಹತ್ತಿರ ಸರಿಯಿತು. ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ಬೆಳಗುತ್ತ ಹೋದವು. ಕಾಯ್ದೆ. ಯಾರೋ ಬಂದು ಪೈಪಿನ ರೇಟು ಕೇಳಿದರು, ಹೋದರು. ಮೊಣಕಾಲು ಒತ್ತಿತು.

"ನೀವ್ ಹೆಂಗದೀರಿ?"

ನನ್ನ ಕೆಲಸದ ಉದ್ದಕ್ಕೂ ಎಷ್ಟೋ ಜನರಿಗೆ ಈ ಪ್ರಶ್ನೆ ಕೇಳಿದ್ದೆ. ಚೆನ್ನಾಗಿದ್ದೇನೆ ಎಂದು ಎದ್ದು ಬರಬಹುದಿತ್ತು. ಆದರೆ ಅವಳು ಅಷ್ಟು ಹೊತ್ತು ತೆಗೆದುಕೊಂಡು ಕೇಳಿದ್ದಳು, ಕಣ್ಣು ನನ್ನ ಮುಖದ ಮೇಲಿಂದ ಕದಲಿರಲಿಲ್ಲ. "ಮೊಣಕಾಲು ಭಾಳ ನೋಯ್ತಾವ ನಾಗಕ್ಕಾ," ಎಂದೆ. "ಮನಿಯಾಗ ಕುಂತು ಕುಂತು ಬ್ಯಾಸರಾನೂ ಆಗೈತಿ." ಒಂದು ಹೇಳಿದ ಮೇಲೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ನಾನು ಹೇಳಿ ಮುಗಿಸುವವರೆಗೂ ನಾಗವೇಣಿ ಕೇಳಿಸಿಕೊಂಡಳು.